ಬ್ಯಾರಲ್ಲಿನ ಗೇರ್ ಆಯಿಲ್, ಡಬ್ಬದ ಕೆಂಪೆಣ್ಣೆ

ನಾಲ್ಕನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಚಿತ್ರದುರ್ಗದ ಊರೊಳಗೇ ಹಾದುಹೋಗುತ್ತಿದ್ದ ಕಾಲದಲ್ಲಿ ನಾನು ಬಿ.ಡಿ. ರಸ್ತೆಯ ಆಟೋಮೊಬೈಲ್ಸ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದೆ. ಅದು ಎಂಬತ್ತರ ದಶಕ. ಪುಣೆ ಕಡೆಯ ಲಾರಿ, ಮದ್ರಾಸು ಕಡೆಯ ಲಾರಿ ಎಲ್ಲವೂ ನಮ್ಮ ಅಂಗಡಿಯ ಮುಂದೆಯೇ ಹೋಗಬೇಕು. ಒಳಗಡೆ ಒಂದು ಮೂಲೆಯಲ್ಲಿ 210 ಲೀಟರಿನ ಬ್ಯಾರಲ್‌ಗಳು ಸಾಲಾಗಿ ನಿಂತಿರುತ್ತಿದ್ದವು. ಎಂಜಿನ್ ಆಯಿಲ್, ಗೇರ್ ಆಯಿಲ್ ತೊಂಬತ್ತು, ಗೇರ್ ಆಯಿಲ್ ನೂರಾ ನಲವತ್ತು. ತೊಂಬತ್ತು, ನೂರಾ ನಲವತ್ತು ಅಂದರೆ ಎಣ್ಣೆಯ ಮಂದತನದ ನಂಬರು. ಕೈಪಂಪು ತಿರುಗಿಸಿ ಅಳತೆ ಡಬ್ಬಕ್ಕೆ ಇಳಿಸಿಕೊಡುವುದು ನನ್ನ ಪಾಲಿನ ಕೆಲಸ. ಗೇರ್ ಆಯಿಲ್‌ನಲ್ಲಿ ಗಂಧಕದ ಅಂಶ ಇರುತ್ತದೆ. ಎಷ್ಟು ಸೋಪು ಹಾಕಿ ತೊಳೆದರೂ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಆ ವಾಸನೆ ಬೆರಳಲ್ಲೇ ಇರುತ್ತಿತ್ತು.

ಗಿರಾಕಿಗಳು ಹೆಚ್ಚು ಮಾತಾಡುತ್ತಿರಲಿಲ್ಲ. “ಗೇರ್ ಬಾಕ್ಸಿಗೆ ತೊಂಬತ್ತು ಎರಡು ಲೀಟರ್ ಹಾಕ್ರಿ”, “ಹೌಸಿಂಗಿಗೆ ನೂರಾ ನಲವತ್ತು ಕೊಡ್ರಿ”, ಇಷ್ಟೇ. ಹೌಸಿಂಗ್ ಅಂದರೆ ಹಿಂದಿನ ಅಚ್ಚಿನ ಗೇರು ಕೂತಿರುವ ಗೂಡು. ಅಂಬಾಸಿಡರ್ ಟ್ಯಾಕ್ಸಿ, ಮೆಟಾಡೋರ್, ಮಹೀಂದ್ರ ಜೀಪು, ಟಾಟಾ ಲಾರಿ, ಲೇಲ್ಯಾಂಡ್ ಲಾರಿ. ಯಾವ ಗಾಡಿಯಾದರೂ ಆ ಮೂರು ಬ್ಯಾರಲ್‌ನಿಂದಲೇ ನಡೆಯಬೇಕು, ನಡೆಯುತ್ತಲೂ ಇತ್ತು.

ಆಯಿಲ್ ಬದಲಿಸುವುದು ಒಂದು ವಿದ್ಯೆ ಎಂದು ನನಗೆ ತೋರಿಸಿಕೊಟ್ಟವರು ಹಿರಿಯೂರಿನ ಒಬ್ಬ ಮೇಸ್ತ್ರಿ. ಟಿ.ಬಿ. ಸರ್ಕಲ್ ಹತ್ತಿರ ಅವರ ಗ್ಯಾರೇಜು. ಗ್ಯಾರೇಜು ಅಂದರೆ ನಾಲ್ಕು ತಗಡಿನ ನೆರಳು, ನೆಲದಲ್ಲಿ ಒಬ್ಬ ಆಳು ನಿಂತು ಕೆಲಸ ಮಾಡುವಷ್ಟು ಆಳದ ಗುಂಡಿ. ಅಂಗಡಿಯಿಂದ ಸಾಮಾನು ಕೊಡಲು ಹೋದಾಗಲೆಲ್ಲ ನಾನು ಗುಂಡಿಯ ಅಂಚಿನಲ್ಲಿ ಕೂತು ನೋಡುತ್ತಿದ್ದೆ. ಗಾಡಿ ಓಡಿ ಬಂದು ಬಿಸಿ ಇರುವಾಗಲೇ ಅವರು ಡ್ರೈನ್ ನಟ್ ಬಿಚ್ಚುತ್ತಿದ್ದರು. ಬಿಸಿ ಇದ್ದರೆ ಎಣ್ಣೆ ತೆಳುವಾಗಿ, ತಳದ ಕಸವನ್ನೂ ಕಟ್ಟಿಕೊಂಡು ಇಳಿಯುತ್ತದೆ. ಮೊದಲ ಧಾರೆಗೆ ಎರಡು ಬೆರಳು ಒಡ್ಡಿ, ಮೇಲೆ ಬಂದು ಬಿಸಿಲಿಗೆ ಹಿಡಿದು, ಹೆಬ್ಬೆರಳಿನಿಂದ ತಿಕ್ಕಿ ನೋಡುವರು. “ನೋಡು ತಮ್ಮಾ, ಹಳದಿ ಚೂರು ಮಿಂಚಿದ್ರೆ ಹಿತ್ತಾಳೆ ರಿಂಗು ಸವೀತಾ ಐತೆ ಅಂತ. ಬಿಳಿ ಚೂರು ಬಂದ್ರೆ ಬೇರಿಂಗು, ಹಲ್ಲು ನೋಡ್ಬೇಕು. ಏನೂ ಇಲ್ದೆ ಬರೀ ಕಪ್ಪಿದ್ರೆ ಸುಮ್ನೆ ಹೊಸದು ಹಾಕಿ ಕಳ್ಸು.” ಗೇರ್ ಬಾಕ್ಸ್ ಇಳಿಸದೆ, ಒಂದು ನಟ್ಟನ್ನಷ್ಟೇ ಬಿಚ್ಚಿ, ಒಳಗಿನ ರೋಗ ಹೇಳುವ ಬೆರಳುಗಳು ಅವು. ಆ ಕೈಗಳ ಮೇಲೆ ನನಗೆ ಇವತ್ತಿಗೂ ಅಪಾರ ಗೌರವ.

ಇಳಿಸಿದ ಹಳೇ ಎಣ್ಣೆಯೂ ದಂಡವಾಗುತ್ತಿರಲಿಲ್ಲ. ಹಳ್ಳಿಯವರು ಟಿನ್ನು ತಂದು ತುಂಬಿಸಿಕೊಂಡು ಹೋಗಿ ಗೆದ್ದಲು ಹಿಡಿಯದಂತೆ ತೊಲೆಗೆ, ಬಾಗಿಲ ಚೌಕಟ್ಟಿಗೆ ಬಳಿಯುತ್ತಿದ್ದರು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆಯ ಜಾಗದಲ್ಲಿ ಅದನ್ನೇ ಹಾಕಿದ್ದೂ ಉಂಟು.

ಸುವರ್ಣ ಚತುಷ್ಪಥ ಯೋಜನೆಯಲ್ಲಿ ಹೆದ್ದಾರಿ ಅಗಲವಾಗಿ ಊರ ಹೊರಗೆ ಹೋಯಿತು. 2010ರಲ್ಲಿ ಅದರ ನಂಬರೂ ನಾಲ್ಕು ಹೋಗಿ ನಲವತ್ತೆಂಟಾಯಿತು. ದೂರದ ಲಾರಿಗಳು ನಮ್ಮ ಅಂಗಡಿಯ ಮುಂದೆ ಬರುವುದು ನಿಂತಿತು. ಆದರೆ ಹೆದ್ದಾರಿ ಊರ ಹೊರಗೆ ಹೋದ ಅದೇ ವರ್ಷಗಳಲ್ಲಿ ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗ ಕಡೆಯಿಂದ ಕಬ್ಬಿಣದ ಅದಿರಿನ ಲಾರಿಗಳು ಶುರುವಾದವು. ಮಿತಿಮೀರಿದ ಭಾರ, ಕೆಂಪು ದೂಳು, ಹಗಲಿರುಳು ಓಟ. ಹೌಸಿಂಗ್ ಆಯಿಲ್ಲನ್ನು ಬ್ಯಾರಲ್‌ಗಟ್ಟಲೆ ಇಳಿಸಿದ ಕಾಲ ಅದು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿ ನಿಷೇಧವನ್ನು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿದ ಮೇಲೆ ಲಾರಿಗಳು ಸಾಲು ಸಾಲಾಗಿ ನಿಂತವು. ಹೊಳಲ್ಕೆರೆ ರಸ್ತೆಯ ಎಷ್ಟೋ ಗ್ಯಾರೇಜುಗಳ ಹುಡುಗರು ಬೆಂಗಳೂರಿಗೆ ಹೋದರು. ಹೋದವರಲ್ಲಿ ಹೆಚ್ಚಿನವರು ವಾಪಸು ಬರಲಿಲ್ಲ. ನಮ್ಮ ಕಡೆ ಕೈಕಸುಬಿನವರ ಒಂದು ತಲೆಮಾರೇ ಕಡಿದುಹೋದದ್ದು ಆಗ ಎಂದು ನನ್ನ ಲೆಕ್ಕ.

ಕೆಂಪೆಣ್ಣೆ ನಮ್ಮ ಅಂಗಡಿಗೆ ಬಂದದ್ದು ಕಾರಿನ ಗೇರಿಗೆಂದಲ್ಲ. ಲಾರಿಗಳಿಗೆ ಪವರ್ ಸ್ಟೀರಿಂಗ್ ಬಂದಾಗ ಅದರೊಳಗೆ ಹಾಕಲು ಎಟಿಎಫ್ ಎಂಬ ತೆಳುವಾದ ಕೆಂಪು ಎಣ್ಣೆ ಬೇಕಾಯಿತು. ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆಯೇ ಅದು. ಆದರೆ ಇಲ್ಲಿ ಆಟೋಮ್ಯಾಟಿಕ್ ಗಾಡಿ ಕಂಡವರು ಯಾರು? ದುರ್ಗದಿಂದ ಹೊಸದುರ್ಗದವರೆಗೆ ಎಲ್ಲ ಗ್ಯಾರೇಜಿನಲ್ಲೂ ಅದರ ಹೆಸರು ಸ್ಟೀರಿಂಗ್ ಆಯಿಲ್. ತೊಂಬತ್ತರ ದಶಕದಲ್ಲೇ ಮಾರುತಿ ಜೆನ್ ಆಟೋಮ್ಯಾಟಿಕ್ ಬಂದಿತ್ತು. ಬೆಂಗಳೂರಿನಲ್ಲಿ ಓಡಿತು, ಇತ್ತ ಬರಲಿಲ್ಲ.

ಅಮೆರಿಕದಲ್ಲಿ ಆಟೋಮ್ಯಾಟಿಕ್ ಗಾಡಿಯ ಕಥೆ ಬಹಳ ಹಳೆಯದು. ಜನರಲ್ ಮೋಟಾರ್ಸ್ ಕಂಪನಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲೇ ಹೈಡ್ರಾಮ್ಯಾಟಿಕ್ ಎಂಬ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಕೊಟ್ಟಿತ್ತು. ಒಂದು ಕಾಲದಲ್ಲಿ ಎಟಿಎಫ್ ಒಳಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಕ್ಲಚ್ ಪ್ಲೇಟುಗಳು ಹಿಡಿಯಬೇಕಾದ ಕಡೆ ಹಿಡಿದು ಜಾರಬೇಕಾದ ಕಡೆ ಜಾರಲು ಅದಕ್ಕಿಂತ ಒಳ್ಳೆಯದು ಆಗ ಇರಲಿಲ್ಲವಂತೆ. ಅಳಿವಿನಂಚಿನ ಪ್ರಾಣಿಗಳನ್ನು ಕಾಪಾಡುವ 1973ರ ಕಾನೂನು ಬಂದ ಮೇಲೆ ಅದು ನಿಂತು, ಪ್ರಯೋಗಾಲಯದಲ್ಲಿ ಮಾಡಿದ ರಾಸಾಯನಿಕಗಳು ಬಂದವು. ಸಮುದ್ರವನ್ನೇ ಕಾಣದ ನಮ್ಮ ಸೀಮೆಯ ಅಂಗಡಿಯಲ್ಲಿ ಕೂತು ಇದನ್ನು ಓದಿದಾಗ ನನಗೆ ಈ ಕೆಂಪೆಣ್ಣೆಯ ಮೇಲೆ ಬೇರೆಯೇ ಕುತೂಹಲ ಹುಟ್ಟಿತು.

ನಮ್ಮ ಜಿಲ್ಲೆಗೆ ಆಟೋಮ್ಯಾಟಿಕ್ ನಿಜವಾಗಿ ಇಳಿದದ್ದು 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ. ಮೇಷ್ಟ್ರುಗಳು, ಬ್ಯಾಂಕಿನವರು, ಮಂಡಿನೋವಿನ ಹಿರಿಯರು ಕ್ಲಚ್ ಇಲ್ಲದ ಗಾಡಿ ಎಂದು ಕೊಂಡರು. ಗೊಂದಲವೂ ಜೊತೆಗೇ ಬಂತು. ಏಕೆಂದರೆ ಅದು ಎಎಂಟಿ. ಒಳಗಿರುವುದು ಮಾಮೂಲಿ ಗೇರ್ ಬಾಕ್ಸೇ, ಕ್ಲಚ್ ತುಳಿಯುವ ಮತ್ತು ಗೇರ್ ಹಾಕುವ ಕೆಲಸವನ್ನಷ್ಟೇ ಒಂದು ಯಂತ್ರ ಮಾಡುತ್ತದೆ. ಅದಕ್ಕೆ ಬೇಕಾದದ್ದು ಗೇರ್ ಆಯಿಲ್. ಆ ಯಂತ್ರದ ಹೈಡ್ರಾಲಿಕ್ ದ್ರವ ಬೇರೆ. ಕ್ಲಚ್ಚಿನ ಜಾಗದಲ್ಲಿ ಎಣ್ಣೆಯ ಮೂಲಕವೇ ಎಂಜಿನ್ನಿನ ಶಕ್ತಿ ದಾಟಿಸುವ ಟಾರ್ಕ್ ಕನ್ವರ್ಟರ್ ಇರುವ ಗಾಡಿಗೆ ಎಟಿಎಫ್. ಅದರಲ್ಲೂ ಟೊಯೋಟಾಗೆ ಒಂದು, ಹ್ಯುಂಡೈಗೆ ಇನ್ನೊಂದು. ಲೋಹದ ಬೆಲ್ಟಿನ ಸಿವಿಟಿಗೆ ಅದಕ್ಕೆಂದೇ ಮಾಡಿದ ದ್ರವ, ಅಲ್ಲಿ ಮಾಮೂಲಿ ಎಟಿಎಫ್ ಸುರಿದರೆ ಬೆಲ್ಟು ಜಾರಿ ಕೆಡುತ್ತದೆ. “ಆಟೋಮ್ಯಾಟಿಕ್ ಆಯಿಲ್ ಕೊಡ್ರಿ” ಎಂದು ಬಂದವರನ್ನು ನಾನು ಹಾಗೇ ಕಳಿಸಿದ್ದೇ ಇಲ್ಲ. “ಗಾಡಿ ಪುಸ್ತಕ ತನ್ರಿ, ಅದ್ರಲ್ಲಿ ಬರೆದಿರೋ ನಂಬರ್ ನೋಡಿ ಕೊಡ್ತೀನಿ” ಎನ್ನುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು. ಬರಲಿ.

ಮನೆಯಲ್ಲೇ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ ಬದಲಿಸಿದ್ದನ್ನು ನಾನು ಕಣ್ಣಾರೆ ಕಂಡದ್ದು 2020ರಲ್ಲಿ. ಲಾಕ್‌ಡೌನ್ ಎಂದು ಅಣ್ಣನ ಮಗ ಬೆಂಗಳೂರು ಬಿಟ್ಟು ಹೊಸದುರ್ಗದ ತೋಟಕ್ಕೆ ಬಂದು ಸೇರಿದ್ದ. ಹಿಂದೆ ಅಮೆರಿಕದಲ್ಲಿದ್ದವನು. ಅಲ್ಲಿ ಜನ ತಮ್ಮ ಶೆಡ್ಡಿನಲ್ಲೇ ಇಂಥ ಕೆಲಸ ಮಾಡಿಕೊಳ್ಳುವುದನ್ನು ನೋಡಿ ಕಲಿತವನು. ಅವನದು ಹಳೇ ಪೆಟ್ರೋಲ್ ಕಾರು, ನಾಲ್ಕು ಗೇರಿನ ಆಟೋಮ್ಯಾಟಿಕ್. ಗೇರ್ ಬೀಳುವಾಗ ಸಣ್ಣಗೆ ಎತ್ತಿಹಾಕುತ್ತಿತ್ತು. ಅಂಗಡಿ ತೆರೆಯಲು ಅವಕಾಶ ಸಿಕ್ಕ ಮೇಲೆ “ಚಿಕ್ಕಪ್ಪಾ, ಇದೇ ನಂಬರಿಂದು ಬೇಕು, ಬೇರೆ ಬೇಡ” ಎಂದು ಫೋನ್ ಮಾಡಿದ. ತರಿಸಿಕೊಂಡು ನಾನೇ ಹೋದೆ.

ಅಡಿಕೆ ಒಣಗಿಸುವ ಸಿಮೆಂಟು ಕಣದಲ್ಲಿ ಕಾರು ನಿಲ್ಲಿಸಿದ್ದ. ಮಟ್ಟಸವಾದ ಜಾಗ ತೋಟದಲ್ಲಿ ಅದೊಂದೇ. ಮಟ್ಟ ತಪ್ಪಿದರೆ ಎಣ್ಣೆಯ ಅಳತೆ ತಪ್ಪುತ್ತದೆ. ಕೆಳಗೆ ದಪ್ಪ ತಾಡಪಾಲು ಹಾಸಿದ್ದ, ನಾಳೆ ಅಡಿಕೆ ಹರವುವ ನೆಲಕ್ಕೆ ಒಂದು ಹನಿಯೂ ತಾಗಬಾರದು ಎಂದು. ಜಾಕ್ ಎತ್ತಿ, ಜಾಕನ್ನು ನಂಬದೆ ನಾಲ್ಕೂ ಕಡೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ಕಾರನ್ನು ಸಮನಾಗಿ ನಿಲ್ಲಿಸಿದ. ಬೆಳಗಿನ ಜಾವವನ್ನೇ ಆರಿಸಿಕೊಂಡದ್ದಕ್ಕೂ ಕಾರಣವಿತ್ತು. ಹೊತ್ತೇರಿದ ಮೇಲೆ ನಮ್ಮ ಕಡೆ ಗಾಳಿ ಏಳುತ್ತದೆ, ದೂಳು ಹಾರುತ್ತದೆ. ಈ ಗೇರ್ ಬಾಕ್ಸಿನ ಒಳಗೆ ಎಣ್ಣೆ ಹರಿಯುವ ಕಾಲುವೆಗಳು, ವಾಲ್ವುಗಳು ಬಲು ಸಣ್ಣವು. ಮರಳಿನ ಒಂದು ಕಾಳು ಸಾಕು ಕೆಡಿಸಲು. ಗ್ಯಾರೇಜಿನ ಕಾಟನ್ ವೇಸ್ಟನ್ನೂ ಅವನು ಹತ್ತಿರ ಬಿಡಲಿಲ್ಲ, ಅದರ ಎಳೆ ಒಳಗೆ ಹೋದೀತೆಂದು.

ಮೊದಲು ಎಣ್ಣೆ ತುಂಬುವ ಬಾಯಿ ತೆಗೆದು ನೋಡಿದ, ಆಮೇಲೆ ಕೆಳಗಿನ ಡ್ರೈನ್ ನಟ್. ಮೇಲಿನದು ಜಾಮ್ ಆಗಿದ್ದು ಕೆಳಗಿನದನ್ನು ಖಾಲಿ ಮಾಡಿಬಿಟ್ಟರೆ ಗಾಡಿ ಅಲ್ಲೇ ಕೂರಬೇಕು. ಬೇಸಿನ್ನಿಗೆ ಇಳಿದ ಎಣ್ಣೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಮೂಸಿ ನೋಡಿದ, ಸುಟ್ಟ ವಾಸನೆ ಇರಲಿಲ್ಲ. ನಟ್ಟಿನ ತುದಿಯ ಅಯಸ್ಕಾಂತಕ್ಕೆ ಬೂದುಬಣ್ಣದ ನುಣುಪು ಪುಡಿ ಅಂಟಿತ್ತು. ನಾನು ಅಭ್ಯಾಸಬಲದಿಂದ ಬೆರಳಲ್ಲಿ ತಿಕ್ಕಿದೆ. ಚೂರು ಸಿಗಲಿಲ್ಲ, ಸವೆತದ ಪುಡಿ ಮಾತ್ರ. ಚೂರು ಸಿಕ್ಕಿದ್ದರೆ ಎಣ್ಣೆ ಬದಲಿಸಿ ಉಪಯೋಗವಿರಲಿಲ್ಲ, ಗೇರ್ ಬಾಕ್ಸ್ ಬಿಚ್ಚಲೇಬೇಕಿತ್ತು.

ಇಳಿದದ್ದನ್ನು ಅಳತೆಯ ಬಾಟಲಿಗೆ ಸುರಿದು, ಅಷ್ಟನ್ನೇ ಹೊಸದನ್ನು ತುಂಬಿದ. ಇಲ್ಲಿಯೇ ಹಳೇ ಗೇರ್ ಬಾಕ್ಸಿಗೂ ಇದಕ್ಕೂ ದೊಡ್ಡ ವ್ಯತ್ಯಾಸ. ಹಳೆಯದರಲ್ಲಿ ನಟ್ ಬಿಚ್ಚಿದರೆ ಬಹುಪಾಲು ಎಣ್ಣೆ ಇಳಿಯುತ್ತದೆ. ಇದರಲ್ಲಿ ಅರ್ಧದಷ್ಟು ಟಾರ್ಕ್ ಕನ್ವರ್ಟರ್ ಒಳಗೇ ಉಳಿಯುತ್ತದೆ. ಒಂದು ಸಲಕ್ಕೆ ಅರ್ಧ ಹೊಸದು. ಕೆಲವು ದಿನ ಓಡಿಸಿ ಮತ್ತೊಮ್ಮೆ ಬದಲಿಸಿದರೆ ಮುಕ್ಕಾಲು. ಅವನು ಹಾಗೆಯೇ ಮಾಡಿದ. ಕೊನೆಗೆ ಎಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿ ಹಿಡಿದು, ಪ್ರತಿ ಗೇರಿಗೂ ಲಿವರನ್ನು ಒಯ್ದು ತಂದು, ಬಿಸಿಯಾದ ಮೇಲೆ ಡಿಪ್‌ಸ್ಟಿಕ್ ನೋಡಿದ. ಈ ಅಳತೆಯ ಕ್ರಮವೂ ಕಂಪನಿಗೊಂದು. ಹೋಂಡಾದಲ್ಲಿ ಎಂಜಿನ್ ನಿಲ್ಲಿಸಿ ಒಂದೂವರೆ ನಿಮಿಷದೊಳಗೆ ನೋಡಬೇಕು. ಹೆಚ್ಚಾದರೆ ಎಣ್ಣೆ ನೊರೆ ಕಟ್ಟುತ್ತದೆ, ಕಡಿಮೆಯಾದರೆ ಪಂಪು ಗಾಳಿ ಎಳೆಯುತ್ತದೆ, ಎರಡರಿಂದಲೂ ಕ್ಲಚ್ಚುಗಳು ಸುಡುತ್ತವೆ. ಎರಡನೇ ಸಲದ ಬದಲಾವಣೆಯ ಮೇಲೆ ಎತ್ತಿಹಾಕುವುದು ಬಹಳ ಮಟ್ಟಿಗೆ ಕಡಿಮೆಯಾಯಿತು. ಹಳೇ ಎಣ್ಣೆಯನ್ನು ಡಬ್ಬಕ್ಕೆ ತುಂಬಿ ನನ್ನ ಕೈಗೆ ಕೊಟ್ಟ. ಅಂಗಡಿಯಲ್ಲಿ ಕೂಡಿಟ್ಟ ಉಳಿದ ಎಣ್ಣೆಯ ಜೊತೆ ಸಂಗ್ರಹಕಾರರಿಗೆ ಹಾಕಿದೆ.

ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಆ ಡಿಪ್‌ಸ್ಟಿಕ್ಕೂ ಇಲ್ಲ. ಎಣ್ಣೆ ಕಂಪನಿ ಹೇಳಿದ ಶಾಖಕ್ಕೆ ಬಂದಾಗ ತಳದ ಅಳತೆ ನಟ್ ಬಿಚ್ಚಿ, ಹೆಚ್ಚಾದದ್ದು ಹೊರಗೆ ಹರಿದು ಹನಿಗೆ ನಿಂತಾಗ ಮುಚ್ಚಬೇಕು. ಶಾಖ ಓದಲು ಸ್ಕ್ಯಾನರ್ ಬೇಕು. ಅಂಥ ಗಾಡಿಯನ್ನು ಮನೆಯಲ್ಲಿ ಮುಟ್ಟಬೇಡಿ ಎಂದೇ ನಾನು ಗಿರಾಕಿಗಳಿಗೆ ಹೇಳುವುದು. ಆದರೆ ಮುಟ್ಟಬಲ್ಲವರು ಹತ್ತಿರದಲ್ಲಿ ಇರಬೇಕಲ್ಲ? “ಇದು ಜೀವಮಾನದ ಎಣ್ಣೆ, ಬದಲಿಸುವಂತಿಲ್ಲ” ಎಂಬ ಮಾತನ್ನು ನಂಬಿ ಲಕ್ಷ ಕಿಲೋಮೀಟರ್ ದಾಟಿಸಿ, ಗೇರೇ ಹಿಡಿಯದ ಗಾಡಿಯನ್ನು ಹೊಳಲ್ಕೆರೆಯಿಂದ ಟೋ ಮಾಡಿಸಿಕೊಂಡು ಬೆಂಗಳೂರಿಗೆ ಒಯ್ದವರನ್ನು ಕಂಡಿದ್ದೇನೆ. ನಲವತ್ತು ಡಿಗ್ರಿಯ ಹತ್ತಿರ ಹೋಗುವ ನಮ್ಮ ಬೇಸಿಗೆಯಲ್ಲಿ ಯಾವ ಎಣ್ಣೆಯೂ ಜೀವಮಾನ ಬಾಳದು.

ಹಿರಿಯೂರಿನ ಆ ಮೇಸ್ತ್ರಿ ಈಗಿಲ್ಲ. ಅವರ ಮಗ ಗ್ಯಾರೇಜು ನಡೆಸುತ್ತಿದ್ದಾನೆ. ಕೈ ಚುರುಕು, ಕಲಿಯುವ ಆಸೆಯೂ ಇದೆ. ಆಟೋಮ್ಯಾಟಿಕ್ ಬಂದರೆ ಮಾತ್ರ “ಅಣ್ಣಾ, ಇದನ್ನ ಯಾರೂ ಹೇಳ್ಕೊಟ್ಟಿಲ್ಲ” ಎಂದು ವಾಪಸು ಕಳಿಸುತ್ತಾನೆ. ಗೊತ್ತಿಲ್ಲದ್ದನ್ನು ಬಿಚ್ಚದ ಅವನ ಪ್ರಾಮಾಣಿಕತೆ ದೊಡ್ಡದು, ಅದಕ್ಕೆ ತಕ್ಕ ದಾರಿಯನ್ನು ನಾವು ಮಾಡಿಕೊಡಬೇಕು. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸುಮಾರು 4,600 ಕೋಟಿ ರೂಪಾಯಿ ವೆಚ್ಚದಲ್ಲಿ ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಲಾಯಿತು. ಆ ಐಟಿಐಗಳ ಕೊಠಡಿಗಳು ಸಂಜೆ ಹೊತ್ತು ಇಂಥ ಮೇಸ್ತ್ರಿಗಳಿಗೂ ತೆರೆದಿರಲಿ. ಬಿಚ್ಚಿಟ್ಟ ಒಂದು ಆಟೋಮ್ಯಾಟಿಕ್ ಗೇರ್ ಬಾಕ್ಸ್, ಒಂದು ಸ್ಕ್ಯಾನರ್, ಕನ್ನಡದಲ್ಲಿ ಹೇಳಿಕೊಡುವ ಒಬ್ಬ ಮೇಷ್ಟ್ರು ಇದ್ದರೆ ಸಾಕು. ಗಾಡಿ ಇಟ್ಟುಕೊಂಡವರಲ್ಲಿ ಕೇಳಿಕೊಳ್ಳುವುದು ಇಷ್ಟು: ನಿಮ್ಮದು ಎಎಂಟಿಯೋ, ಸಿವಿಟಿಯೋ, ಟಾರ್ಕ್ ಕನ್ವರ್ಟರೋ ಎಂದು ಇವತ್ತೇ ಪುಸ್ತಕ ತೆಗೆದು ನೋಡಿ, ಎಣ್ಣೆಯ ನಂಬರನ್ನೂ ಬದಲಿಸಿದ ಕಿಲೋಮೀಟರನ್ನೂ ಅದರ ಕೊನೆಯ ಹಾಳೆಯಲ್ಲಿ ಬರೆದಿಡಿ.