ಅಕ್ಕನ ಪರದೇಶ ಪ್ರಯಾಣ, ನಮ್ಮ ನಾಲ್ಕು ತಾಲ್ಲೂಕಿನ ಸುತ್ತು

ಕೃಷ್ಣರಾಜನಗರದಲ್ಲಿರುವ ನಮ್ಮ ಹಿರಿಯಕ್ಕನವರು ಮಗಳ ಬಾಣಂತನಕ್ಕಾಗಿ ಜರ್ಮನಿಗೆ ಹೋಗಬೇಕಾಗಿ ಬಂದಿತು. ಅವರ ವಯಸ್ಸು ಅರವತ್ತೆಂಟು. ಮೈಸೂರಿಗೆ ಬಸ್ಸಿನಲ್ಲಿ ಒಬ್ಬರೇ ಬಂದುಹೋಗುವಷ್ಟು ಧೈರ್ಯವುಳ್ಳವರೇ ಹೌದು. ಆದರೆ ವಿಮಾನವನ್ನು ನೆಲದಿಂದ ತಲೆಯೆತ್ತಿ ನೋಡಿದ್ದರೇ ಹೊರತು ಹತ್ತಿದವರಲ್ಲ. ಬೆಂಗಳೂರಿನಿಂದ ದುಬೈ, ಅಲ್ಲಿ ವಿಮಾನ ಬದಲಾಯಿಸಿ ಹ್ಯಾಂಬರ್ಗು. ಜೊತೆಗೆ ಯಾರೂ ಇಲ್ಲ. ಟಿಕೆಟ್ಟು ವೀಸಾಗಳ ಕೆಲಸವನ್ನೆಲ್ಲ ಅಳಿಯನು ಅಲ್ಲಿಂದಲೇ ನೆರವೇರಿಸಿದ್ದನು. "ಅಮ್ಮನ ಫೋನಿನ ವಿಚಾರವನ್ನು ಮಾತ್ರ ಮಾವ, ಅತ್ತೆ ನೋಡಿಕೊಳ್ಳಲಿ" ಎಂದು ಮಗಳು ಹೇಳಿಕಳುಹಿಸಿದಳು.

ಈ ಹೊಣೆ ನಮ್ಮ ತಲೆಗೆ ಬಂದುದು ಕಾರಣವಿಲ್ಲದೆ ಅಲ್ಲ. ಹಿಂದೊಮ್ಮೆ ನಾವು ದಂಪತಿಗಳು ಸಿಂಗಪುರಕ್ಕೆ ಹೋಗಿದ್ದಾಗ ಇ-ಸಿಮ್ ಎಂಬುದನ್ನು ಕೊಂಡುಕೊಂಡಿದ್ದೆವು. ಸಿಮ್ ಕಾರ್ಡೆಂಬ ಬಿಲ್ಲೆಯನ್ನು ಫೋನಿಗೆ ತೂರಿಸುವುದಕ್ಕೆ ಬದಲಾಗಿ, ಫೋನಿನೊಳಗೇ ಬೆಸೆದಿರುವ ಒಂದು ಚಿಕ್ಕ ಚಿಪ್ಪಿನ ಮೇಲೆ ದೂರವಾಣಿ ಕಂಪೆನಿಯ ಪರವಾನಗಿಯನ್ನು ಅಂತರ್ಜಾಲದ ಮೂಲಕ ಬರೆಸಿಕೊಳ್ಳುವುದೇ ಇ-ಸಿಮ್ಮು. ಅಂಗಡಿಗೆ ಹೋಗಬೇಕಾದುದಿಲ್ಲ. ಮನೆಯಲ್ಲಿಯೇ ಕುಳಿತು ಹಣ ಕಟ್ಟಿದರೆ ಒಂದು ಕ್ಯೂಆರ್ ಕೋಡು ಬರುವುದು. ಅದಕ್ಕೆ ಫೋನಿನ ಕ್ಯಾಮೆರಾ ಹಿಡಿದರೆ ಆಯಿತು. ನಾವು ಕೆಲಸ ಮುಗಿಯಿತೆಂದೇ ತಿಳಿದೆವು. ಹೊರಡುವುದಕ್ಕೆ ಎರಡು ದಿನ ಮೊದಲೇ ಅದನ್ನು ಚಾಲೂ ಮಾಡಿದೆವು. ಏಳು ದಿನದ ಅವಧಿ ಆ ಕ್ಷಣದಿಂದಲೇ ಓಡತೊಡಗಿತು. ನಮ್ಮ ಊರಿನ ನಂಬರಿನ ಡೇಟಾವನ್ನು ನಿಲ್ಲಿಸಲು ಮರೆತೆವು. ರಾತ್ರಿಯೆಲ್ಲ ಫೋನು ಫೋಟೋಗಳನ್ನು ತಾನೇ ಮೇಲಕ್ಕೆ ಕಳುಹಿಸುತ್ತಿದ್ದು, ಇ-ಸಿಮ್ಮಿಗೆ ಕೊಟ್ಟ ಹಣದ ಐದರಷ್ಟನ್ನು ಬಿಲ್ಲಾಗಿ ತಂದಿತು. ಎಡವಿದವರಿಗೆ ಕಲ್ಲಿನ ಗುರುತು ಚೆನ್ನಾಗಿರುತ್ತದೆಂದು ಮಗಳ ಎಣಿಕೆಯಿರಬೇಕು.

ಕೃಷ್ಣರಾಜನಗರಕ್ಕೆ ಮೈಸೂರಿನಿಂದ ನೇರವಾಗಿ ಹೋಗಬಹುದಾಗಿತ್ತು. ಆದರೆ ಹೆಗ್ಗಡದೇವನಕೋಟೆಯಲ್ಲಿ ಒಂದು ಗೃಹಪ್ರವೇಶವೂ, ಹುಣಸೂರು ಪಿರಿಯಾಪಟ್ಟಣಗಳಲ್ಲಿ ಬಹಳ ದಿನದಿಂದ ಬಾಕಿಯಿದ್ದ ಭೇಟಿಗಳೂ ಇದ್ದುದರಿಂದ, ಭಾದ್ರಪದದ ಒಂದು ಮುಂಜಾನೆ ಕೋಟೆಯ ದಾರಿ ಹಿಡಿದೆವು. ಎರಡು ದಿನದ ಈ ಸುತ್ತಿನಲ್ಲಿ ಅಕ್ಕನ ಫೋನಿಗೆ ಬೇಕಾದ ಪಾಠಗಳೆಲ್ಲವೂ ದೊರೆಯುವುವೆಂದು ನಾವು ನೆನೆಸಿರಲಿಲ್ಲ.

ಗೃಹಪ್ರವೇಶದ ಊಟ ಮುಗಿಸಿ ಅಂತರಸಂತೆಯ ಮೇಲೆ ಬಾವಲಿಯವರೆಗೆ ಹೋಗಿಬರೋಣವೆಂದು ಹೊರಟೆವು. ಬಳ್ಳೆಯ ಕಾಡು ಬಂದಿತು. ದಸರೆಯಲ್ಲಿ ಅಂಬಾರಿ ಹೊತ್ತ ಅರ್ಜುನನಿದ್ದ ಶಿಬಿರವು ಇದೇ. 2023ರ ಡಿಸೆಂಬರಿನಲ್ಲಿ ಆ ಆನೆ ಸಕಲೇಶಪುರದ ಕಡೆ ಕಾಡಾನೆಯೊಡನೆ ಹೋರಾಡಿ ಮಡಿಯಿತು. ಕಾಡಿನ ನಡುವೆ ನಮ್ಮ ಫೋನು ಮೂಕವಾಯಿತು. ಬಾವಲಿಯ ಬಳಿ ಹೊಳೆಯ ಆಚೆಗೆ ಕೇರಳ. ಅಲ್ಲಿಗೆ ಬರುತ್ತಲೇ ಫೋನು ಎಚ್ಚತ್ತು ಕೇರಳದ ಟವರನ್ನು ಹಿಡಿಯಿತು. ನಿಂತ ನೆಲ ನಮ್ಮದು, ಮಾತನಾಡಿಸಿದ ಟವರು ನೆರೆಯವರದು. ಹಿಂದೆ ಇದಕ್ಕೆ ರೋಮಿಂಗ್ ದರ ತೆರಬೇಕಾಗಿತ್ತು. ಈಗ ದೇಶದ ಒಳಗೆ ಆ ಚಿಂತೆ ತಪ್ಪಿದೆ. ಪರದೇಶದಲ್ಲಿ ಮಾತ್ರ ತಪ್ಪಿಲ್ಲ.

ಹಿಂದಿರುಗುವಾಗ ಕಾರಾಪುರದ ಬಳಿ ಒಂದು ಚಹದಂಗಡಿಯಲ್ಲಿ ಕುಳಿತೆವು. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ಹಿನ್ನೀರಿನ ದಡಕ್ಕೆ ಆನೆ ಹುಲಿಗಳನ್ನು ನೋಡಲು ನಾನಾ ದೇಶದವರು ಬರುವರಷ್ಟೆ. ಅಲ್ಲಿದ್ದ ಪರದೇಶದ ದಂಪತಿಗಳು ತಮ್ಮ ಊರಿನಲ್ಲಿಯೇ ಭಾರತಕ್ಕೆಂದು ಇ-ಸಿಮ್ ಕೊಂಡು ತಂದಿದ್ದರು. ಮೈಸೂರಿನಲ್ಲಿ ಚೆನ್ನಾಗಿ ನಡೆದುದು ಇಲ್ಲಿ ಜಪ್ಪಯ್ಯ ಎಂದರೂ ಕದಲದು. ಅಂಗಡಿಯವನ ಫೋನಿನಲ್ಲಾದರೋ ಅವನ ಮಗ ಸಿನಿಮಾ ನೋಡುತ್ತಿದ್ದಾನೆ! ವಿಚಾರಿಸಲಾಗಿ, ಅವರ ಇ-ಸಿಮ್ಮು ಒಂದು ಕಂಪೆನಿಯ ಟವರಿಗೆ ಸೇರಿದ್ದು, ಅಂಗಡಿಯವನ ಸಿಮ್ಮು ಇನ್ನೊಂದರದು. ಇ-ಸಿಮ್ ಮಾರುವವರು ಟವರು ನೆಡುವವರಲ್ಲ. ಆಯಾ ದೇಶದ ಕಂಪೆನಿಯ ಟವರನ್ನು ಬಳಸಲು ನಮಗೆ ಅನುಮತಿ ಕೊಡಿಸುವ ಮಧ್ಯಸ್ಥರು ಅವರು. ಆದುದರಿಂದ ಬೆಲೆ ಕೇಳುವುದಕ್ಕೆ ಮೊದಲು, ನಾವು ಹೋಗುವ ಊರಿನಲ್ಲಿ ಅದು ಯಾವ ಕಂಪೆನಿಯ ಟವರನ್ನು ಹಿಡಿಯುವುದೆಂದು ಕೇಳತಕ್ಕದ್ದು. ಇದು ಮೊದಲನೆಯ ಪಾಠ.

ಮರುದಿನ ಹುಣಸೂರಿಗೆ ಬಂದೆವು. ದಾರಿಯುದ್ದಕ್ಕೂ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳ ಘಾಟು ತಣ್ಣನೆಯ ಗಾಳಿಯಲ್ಲಿ ಬೆರೆತಿತ್ತು. ಈ ತಾಲ್ಲೂಕಿನಲ್ಲಿ ಪಕ್ಷಿರಾಜಪುರವೆಂಬ ಹಕ್ಕಿಪಿಕ್ಕಿಗಳ ಊರಿದೆ. ಮನೆಯಲ್ಲಿ ಗುಜರಾತಿಗೆ ಹತ್ತಿರವಾದ ವಾಗ್ರಿ ಮಾತು, ಹೊರಗೆ ಕನ್ನಡ. ಹಿಂದೆ ಹಕ್ಕಿ ಹಿಡಿದು ಬಾಳುತ್ತಿದ್ದವರು, 1972ರ ವನ್ಯಜೀವಿ ಕಾನೂನಿನ ತರುವಾಯ ಗಿಡಮೂಲಿಕೆಯ ಎಣ್ಣೆ ಮುಂತಾದುವನ್ನು ಮಾರುವ ವೃತ್ತಿಯನ್ನು ಬಲಪಡಿಸಿಕೊಂಡರು. ಆ ಎಣ್ಣೆಯ ಗಂಟನ್ನು ಹೊತ್ತು ಅವರು ಆಫ್ರಿಕದ ದೇಶಗಳವರೆಗೂ ಹೋಗಿಬರುವರು. ಪರದೇಶ ಪ್ರಯಾಣವೆಂದರೆ ಇಂಜಿನಿಯರುಗಳ ಸೊತ್ತೆಂದು ಭಾವಿಸುವವರು ಒಮ್ಮೆ ಈ ಊರಿನ ಬೀದಿಯಲ್ಲಿ ನಡೆದಾಡಬೇಕು.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೈನ್ಯದ ಎರಡು ಪಂಗಡಗಳಿಗೆ ಯುದ್ಧ ಹೊತ್ತಿಕೊಂಡಿತು. ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಬಿದ್ದಿರುವರೆಂಬ ಸುದ್ದಿ ಮೂರೇ ದಿನಗಳಲ್ಲಿ ನಾಡಿಗೆಲ್ಲ ಹಬ್ಬಿತು. ಹುಣಸೂರು, ಶಿವಮೊಗ್ಗ, ಚನ್ನಗಿರಿಯ ಕಡೆಯವರು ಅವರಲ್ಲಿದ್ದರು. ರಾಜಧಾನಿಯಿಂದ ನೂರಾರು ಮೈಲಿ ದೂರದ ಅಲ್ ಫಾಶಿರ್ ಎಂಬ ಪಟ್ಟಣದಲ್ಲಿ, ಅನ್ನ ನೀರುಗಳ ಕೊರತೆಯಲ್ಲಿ, ಗುಂಡಿನ ಶಬ್ದ ಕೇಳುತ್ತ ಮನೆಯೊಳಗೆ ಅಡಗಿದ್ದ ಅವರಿಗೂ ತಾಯ್ನಾಡಿಗೂ ಉಳಿದಿದ್ದ ಎಳೆಯೆಂದರೆ ಕೈಯಲ್ಲಿದ್ದ ಫೋನೊಂದೇ. ತಾವು ಎಲ್ಲಿರುವೆವು, ಎಷ್ಟು ಮಂದಿ ಇರುವೆವು ಎಂಬುದನ್ನು ಅವರು ಅದರಿಂದಲೇ ತಿಳಿಸಿದರು. ಏಪ್ರಿಲ್ 24ರಂದು ಭಾರತ ಸರ್ಕಾರವು 'ಆಪರೇಷನ್ ಕಾವೇರಿ'ಯನ್ನು ಆರಂಭಿಸಿತು. ಮೇ 5ರಂದು ಅದು ಮುಗಿಯುವ ಹೊತ್ತಿಗೆ 3,862 ಮಂದಿ ಸುಡಾನಿನಿಂದ ಪಾರಾಗಿ ಬಂದಿದ್ದರು.

ಊರಿನ ಜಗುಲಿಯೊಂದರಲ್ಲಿ ಕುಳಿತು ಈ ಮಾತೆತ್ತಿದೆವು. ಆಫ್ರಿಕಕ್ಕೆ ಹೋಗಿಬಂದ ಹಿರಿಯರೊಬ್ಬರು, "ನಮ್ಮೋರು ಯಾವ ದೇಶಕ್ಕೆ ಇಳಿದ್ರೂ ಮೊದಲು ಆ ದೇಶದ ಸಿಮ್ಮೇ ತಗೊಳ್ಳೋದು ಸ್ವಾಮಿ. ಊಟ ಆಮೇಲೆ" ಎಂದರು. ನಾವು ಇ-ಸಿಮ್ಮಿನ ಸಂಗತಿ ಹೇಳಲು ಅವರು ನಕ್ಕು, "ಟವರು ಕೆಟ್ರೆ ಅದು ಮಾತಾಡ್ತದಾ?" ಎಂದು ಕೇಳಿದರು. ಮಾತನಾಡದು. 2024ರ ಫೆಬ್ರವರಿಯಲ್ಲಿ ಸುಡಾನಿನ ಬಹುಭಾಗದಲ್ಲಿ ದೂರವಾಣಿಯ ಜಾಲವೇ ಸ್ತಬ್ಧವಾಗಿತ್ತು. ಆಗ ಬಿಲ್ಲೆಯ ಸಿಮ್ಮೂ ಒಂದೇ, ಇ-ಸಿಮ್ಮೂ ಒಂದೇ. ಅವರು ಪಾಸ್‌ಪೋರ್ಟಿನ ಚೀಲದಿಂದ ಮಡಿಸಿ ಮಡಿಸಿ ಸವೆದ ಒಂದು ಕಾಗದವನ್ನು ತೆಗೆದು ತೋರಿಸಿದರು. ಅದರಲ್ಲಿ ಮನೆಯವರ ನಂಬರುಗಳೂ, ಒಂದು ರಾಯಭಾರ ಕಚೇರಿಯ ನಂಬರೂ ಇದ್ದುವು. "ಫೋನು ಸತ್ರೂ ಇದು ಸಾಯಲ್ಲ" ಎಂದರು. ಅಂತರ್ಜಾಲದ ಪುಟಗಳಲ್ಲಿ ನಾವು ಓದಿದ ಸಲಹೆಗಳಲ್ಲಿ ಈ ಕಾಗದದ ಮಾತು ಇರಲಿಲ್ಲ.

ಹುಣಸೂರಿನಿಂದ ಪಿರಿಯಾಪಟ್ಟಣವನ್ನು ದಾಟಿ ಬೈಲಕುಪ್ಪೆಗೆ ಹೋದೆವು. ತಿಬೇಟಿನಿಂದ ನೆಲೆತಪ್ಪಿ ಬಂದವರ ವಸತಿಯು 1961ರಿಂದ ಇಲ್ಲಿದೆ. ನಮ್ಡ್ರೊಲಿಂಗ್ ಮಠದ ಚಿನ್ನದ ಬಣ್ಣದ ಬುದ್ಧರ ಮುಂದೆ ಕೆಲವು ಗಳಿಗೆ ಕುಳಿತು, ಪರಿಚಿತರಾದ ಒಬ್ಬ ಲಾಮಾ ಅವರನ್ನು ಕಂಡೆವು. ಅವರು ಹುಟ್ಟಿ ಬೆಳೆದುದೆಲ್ಲ ಇಲ್ಲಿಯೇ. ಕನ್ನಡ ನಮ್ಮಷ್ಟೇ ಸರಾಗ. ಪಾಠಪ್ರವಚನಗಳಿಗಾಗಿ ಯೂರೋಪಿಗೆ ಹೋಗಿಬರುವುದುಂಟು. ಅವರ ಫೋನನ್ನು ನೋಡಿ ನಮಗೆ ಸೋಜಿಗವಾಯಿತು. ಫೋನಿನೊಳಗಿದ್ದ ಎರಡು ಸಿಮ್ಮುಗಳಿಗೆ ಅವರು ಹೆಸರಿಟ್ಟಿದ್ದರು: ಒಂದು 'ಮನೆ', ಇನ್ನೊಂದು 'ದಾರಿ'.

"ಅಕ್ಕಾ, 'ಮನೆ' ಅಂದ್ರೆ ಇಂಡಿಯಾ ನಂಬರು. ಅದನ್ನ ಆರಿಸಬಾರದು, ಬ್ಯಾಂಕಿನ ಓಟಿಪಿ ಅದಕ್ಕೇ ಬರೋದು. ಡೇಟಾ ಮಾತ್ರ ಅದರಲ್ಲಿ ಬಂದ್. 'ದಾರಿ' ಅಂದ್ರೆ ಇ-ಸಿಮ್ಮು. ಡೇಟಾ, ರೋಮಿಂಗ್ ಎರಡೂ ಅದರಲ್ಲೇ" ಎಂದು ನಮ್ಮವರಿಗೆ ತೋರಿಸಿಕೊಟ್ಟರು. ಸಿಂಗಪುರದಲ್ಲಿ ಹಣ ತೆತ್ತು ಕಲಿತುದನ್ನು ಎರಡು ಹೆಸರುಗಳಲ್ಲಿ ಹೇಳಿಬಿಟ್ಟ ಆ ಲಾಮಾ ಅವರಿಗೆ ಕೈಮುಗಿದೆವು. ಅವರ ಇನ್ನೊಂದು ಎಚ್ಚರಿಕೆ: ಪ್ರವಾಸದ ಇ-ಸಿಮ್ಮುಗಳಲ್ಲಿ ಹೆಚ್ಚಿನವು ಡೇಟಾ ಮಾತ್ರ ಕೊಡುವುವು, ಕರೆಮಾಡುವ ನಂಬರು ಅದರೊಡನೆ ಬಾರದು. ವಾಟ್ಸಾಪಾದರೋ ಹಳೆಯ ನಂಬರಿನಲ್ಲಿಯೇ ನಡೆಯುವುದರಿಂದ, ಅದು "ನಂಬರು ಬದಲಾಯಿಸುವಿರಾ?" ಎಂದು ಕೇಳಿದರೆ ಬೇಡವೆನ್ನಬೇಕು.

ಸಂಜೆಗೆ ಕೃಷ್ಣರಾಜನಗರವನ್ನು ಸೇರಿದೆವು. ಎಡತೊರೆಯ ಅರ್ಕೇಶ್ವರನಿಗೆ ಕೈಮುಗಿದು, ಕಾವೇರಿಯ ದಡದಲ್ಲಿ ಕಾಲು ತೊಳೆದು ಅಕ್ಕನ ಮನೆಯ ಮೆಟ್ಟಿಲು ಹತ್ತಿದೆವು. ನಡುಮನೆಯ ತುಂಬ ಮೆಣಸಿನಪುಡಿ, ಅಂಟಿನುಂಡೆ, ಕೂಸಿನ ಹಳೆಯ ಪಂಚೆಗಳ ಗಂಟುಗಳು. ಅಕ್ಕ ಮುಖ ನೋಡಿದೊಡನೆಯೇ, "ನೀವಿಬ್ಬರೂ ಏನಾದರೂ ಮಾಡಿ. ಅಲ್ಲಿ ಇಳಿದ ಮೇಲೆ 'ಬಂದೆ' ಅಂತ ಒಂದು ಮಾತು ಮಗಳಿಗೆ ಮುಟ್ಟಿದರೆ ಸಾಕು. ದಿನ ತುಂಬಿದ ಹುಡುಗಿ, ಕಾತರಪಡಬಾರದು" ಎಂದರು. ನಮ್ಮ ಎರಡು ದಿನದ ವಿದ್ಯೆಯೆಲ್ಲವೂ ಆ ಒಂದು ಮಾತಿಗಾಗಿ.

ಊಟವಾದ ಮೇಲೆ ಕೆಲಸಕ್ಕೆ ಕುಳಿತೆವು. ಮೊದಲು ಫೋನಿನ ಪರೀಕ್ಷೆ. ಕರೆಮಾಡುವಲ್ಲಿ ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ, ಇ-ಸಿಮ್ಮಿನ ಸೌಕರ್ಯವುಳ್ಳ ಫೋನಿನಲ್ಲಿ ಇಐಡಿ ಎಂಬ 32 ಅಂಕಿಗಳ ಸಂಖ್ಯೆ ಕಾಣಿಸುವುದು. ಅಕ್ಕನ ಫೋನಿನಲ್ಲಿ ಅದು ಕಾಣಿಸಲಿಲ್ಲ. ಇದನ್ನು ನೋಡದೆ ಹಣ ಕಟ್ಟಿದ್ದರೆ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುತ್ತಿತ್ತು. ಪುಣ್ಯಕ್ಕೆ ಅವರ ಮೈದುನನ ಮಗ ಬಿಟ್ಟುಕೊಟ್ಟ ಫೋನಿನಲ್ಲಿ ಅದಿತ್ತು. ಒಂದೇ ಕಂಪೆನಿಗೆ ಬೀಗಹಾಕಿದ ಫೋನೂ ಅದಾಗಿರಲಿಲ್ಲ.

ಆಮೇಲೆ ಆಯ್ಕೆ. ನಮ್ಮ ಕಂಪೆನಿಯ ರೋಮಿಂಗ್ ಪ್ಯಾಕು ಸುಲಭವಾದುದು. ಕೆಲವೇ ದಿನ ಹೋಗುವವರಿಗೆ ತಕ್ಕುದು. ಮೂರು ತಿಂಗಳಿಗೆ ಅದು ದುಬಾರಿ. ಅಲ್ಲಿನ ಸಿಮ್ಮು ಅಗ್ಗವಾಗಬಹುದು. ಆದರೆ ಜರ್ಮನಿಯಲ್ಲಿ 2017ರಿಂದ ಪ್ರೀಪೇಡ್ ಸಿಮ್ಮಿಗೂ ಗುರುತಿನ ದಾಖಲೆಯ ಪರಿಶೀಲನೆ ಆಗಬೇಕು, ಇಳಿದ ಗಳಿಗೆಗೆ ಅದು ಒದಗದು. ಆದುದರಿಂದ ಮೊದಲ 30 ದಿನಕ್ಕೆ 5 ಜಿಬಿಯ ಒಂದು ಯೂರೋಪಿನ ಇ-ಸಿಮ್ಮನ್ನು ಆರಿಸಿದೆವು. ಮನೆಯಲ್ಲಿ ವೈಫೈ ಇರುವಾಗ ಅಷ್ಟು ಧಾರಾಳ, ಮುಂದಿನದನ್ನು ಮಗಳು ನೋಡಿಕೊಳ್ಳುವಳು. 'ಅಪರಿಮಿತ' ಎಂದು ಬರೆದುದನ್ನು ಬಿಟ್ಟೆವು. ಅವುಗಳಲ್ಲಿ ಎಷ್ಟೋ ದಿನದ ಮಿತಿ ಮೀರಿದೊಡನೆ ಆಮೆಯ ನಡಿಗೆಗೆ ಇಳಿಯುವುವು. ದೇಶಗಳ ಪಟ್ಟಿಯನ್ನು ಒಂದೊಂದಾಗಿ ಓದಿದೆವು: ಜರ್ಮನಿ ಇತ್ತು, ದುಬೈ ಇರಲಿಲ್ಲ. ಅವಧಿಯು ಜರ್ಮನಿಯ ಟವರನ್ನು ಹಿಡಿದ ಮೇಲೆಯೇ ಆರಂಭವಾಗುವುದೆಂಬ ವಾಕ್ಯವನ್ನು ಎರಡು ಬಾರಿ ಓದಿದೆವು. ಮಾರುವವರಿಗೆ ನಮ್ಮ ಸರ್ಕಾರದ ಅನುಮತಿಯುಂಟೇ ಎಂಬುದನ್ನೂ ನೋಡಿದೆವು. ಅನುಮತಿಯಿಲ್ಲದೆ ಮಾರುತ್ತಿದ್ದ ಕಾರಣ 2024ರ ಜನವರಿಯಲ್ಲಿ ಏರಾಲೊ, ಹೋಲಾಫ್ಲೈ ಎಂಬ ಎರಡು ಕಂಪೆನಿಗಳ ತಾಣಗಳನ್ನು ದೂರಸಂಪರ್ಕ ಇಲಾಖೆಯು ತಡೆಹಿಡಿಸಿತ್ತು.

ಮನೆಯ ವೈಫೈಯಲ್ಲಿಯೇ ಇ-ಸಿಮ್ಮನ್ನು ಇಳಿಸಿದೆವು. ಕೋಡು ಅದೇ ಫೋನಿನಲ್ಲಿದ್ದರೆ ಅದೇ ಫೋನಿನ ಕ್ಯಾಮೆರಾ ಹಿಡಿಯುವುದೆಂತು? ನಮ್ಮ ಫೋನಿನಲ್ಲಿ ಅದನ್ನು ತೆರೆದು ಹಿಡಿದೆವು. ಎಷ್ಟೋ ಕೋಡುಗಳು ಒಮ್ಮೆ ಮಾತ್ರ ಕೆಲಸಮಾಡುವುದರಿಂದ, ಇಳಿಸಿದ ಇ-ಸಿಮ್ಮನ್ನು ಏನಾದರೂ ಅಳಿಸಬಾರದೆಂದು ಅಕ್ಕನಿಗೆ ಮೂರು ಸಲ ಹೇಳಿದೆವು. ಸಿಮ್ಮುಗಳಿಗೆ 'ಮನೆ', 'ದಾರಿ' ಎಂದು ಕನ್ನಡದಲ್ಲಿಯೇ ಹೆಸರು ಬರೆದೆವು. ಬ್ಯಾಂಕಿನ ಸಂದೇಶ ಅಲ್ಲಿ ಬರುವಂತೆ 'ಮನೆ'ಗೆ ಅಂತರರಾಷ್ಟ್ರೀಯ ರೋಮಿಂಗನ್ನು ಕಂಪೆನಿಗೆ ಹೇಳಿ ತೆರೆಸಿ, ಅದರ ಡೇಟಾವನ್ನು ಮುಚ್ಚಿದೆವು. ಫೋಟೋಗಳು ತಾವಾಗಿ ಮೇಲೇರುವುದನ್ನೂ ನಿಲ್ಲಿಸಿದೆವು. "ದುಬೈಯಲ್ಲಿ ನಿಲ್ದಾಣದ ವೈಫೈ; ಹ್ಯಾಂಬರ್ಗಿನಲ್ಲಿ 'ದಾರಿ'ಯನ್ನು ಒತ್ತಿ ಐದು ನಿಮಿಷ ಕಾಯುವುದು" ಎಂದು ಅಕ್ಕನಿಂದಲೇ ಹೇಳಿಸಿದೆವು.

ಕೊನೆಯದಾಗಿ ಪಕ್ಷಿರಾಜಪುರದ ಪಾಠ. ಮಗಳ ವಿಳಾಸ, ಅಳಿಯನ ನಂಬರು, ಹ್ಯಾಂಬರ್ಗಿನಲ್ಲಿರುವ ಭಾರತದ ಕಾನ್ಸುಲೇಟಿನ ನಂಬರು, ಅಲ್ಲಿನ ತುರ್ತು ಸಹಾಯದ 112, ಇವಿಷ್ಟನ್ನೂ ಕಾಗದದಲ್ಲಿ ದಪ್ಪಕ್ಷರದಿಂದ ಬರೆದುಕೊಟ್ಟೆವು. ಅದನ್ನು ಕೊಟ್ಟವರ ಕಥೆಯನ್ನೂ ಸುಡಾನಿನ ಸಂಗತಿಯನ್ನೂ ಅಕ್ಕ ಕೈಗೆಲಸ ನಿಲ್ಲಿಸಿ ಕೇಳಿದರು. "ಅವರನ್ನು ಕರೆತಂದ ಕೆಲಸಕ್ಕೆ ನಮ್ಮ ಹೊಳೆ ಹೆಸರನ್ನೇ ಇಟ್ಟಿದ್ದರಾ?" ಎಂದು ಕೇಳಿ, ಕಾಗದವನ್ನು ಸ್ತೋತ್ರದ ಪುಸ್ತಕದ ನಡುವೆ ಇಟ್ಟುಕೊಂಡರು.

ಎರಡು ವಾರ ಕಳೆದು ಅಕ್ಕ ಹೊರಟರು. ದುಬೈಯಿಂದ ಸುದ್ದಿ ಬರಲಿಲ್ಲ. ವೈಫೈ ಹಿಡಿಯದೆ ಹೋಯಿತೋ, ಗುಂಪಿನಲ್ಲಿ ಗಾಬರಿಯಾದರೋ ತಿಳಿಯದೆ ಆ ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಸದ್ದುಮಾಡಿತು. ಅಕ್ಕ ತಾವೇ ಕನ್ನಡದಲ್ಲಿ ಬೆರಳಿಟ್ಟು ಬರೆದಿದ್ದರು: "ಬಂದೆ. ಚಳಿ. ದಾರಿ ಒತ್ತಿದೆ, ಮಗಳು ಮಾತಾಡಿದಳು. ದುಬೈಲಿ ಫೋನು ತೆಗೆಯಲೇ ಇಲ್ಲ, ಕಾಗದ ತೋರಿಸಿಕೊಂಡು ನಡೆದೆ."