ಮನೆ ಕೊಳ್ಳೋ ಮುಂಚೆ ಒಳಗಿರೋರನ್ನ ಮಾತಾಡಿಸಿ

ಹೊಳಲ್ಕೆರೆ ಕಡೆ ಅಡಿಕೆ ಕೈ ಹಿಡಿದರೆ, ಹೊಸದುರ್ಗದ ಕಡೆ ಕೊಬ್ಬರಿಗೆ ರೇಟು ಬಂದರೆ, ಎಷ್ಟೋ ಮನೆಗಳಲ್ಲಿ ಒಂದೇ ಮಾತು: ದುರ್ಗದಲ್ಲೋ ಹಿರಿಯೂರಲ್ಲೋ ಒಂದು ಮನೆ ತಗೊಳ್ಳೋಣ, ಬಾಡಿಗೆ ಬರುತ್ತೆ. ನಾವು ಅಣ್ಣತಮ್ಮಂದಿರೂ ಹಾಗೇ ದುಡ್ಡು ಹೊಂದಿಸಿ ಹಿರಿಯೂರಲ್ಲಿ ಹಳೇ ಮನೆಯೊಂದನ್ನು ನೋಡಿದೆವು. ರಸ್ತೆ ಕಡೆಗೆ ಒಂದು ಮಳಿಗೆ, ಹಿಂದೆ ಒಂದು ಸಂಸಾರ. ಬೆಲೆ ಕಡಿಮೆ. ಮಾರುವವರು, "ಇರೋರು ಒಂದು ತಿಂಗಳಲ್ಲಿ ಖಾಲಿ ಮಾಡ್ತಾರೆ ಬಿಡಿ" ಅಂದರು.

ಇಸಿ ತೆಗೆಸಿದೆವು. ಸಾಲಗೀಲ ಏನೂ ಇರಲಿಲ್ಲ. ಆದರೂ ಅಡ್ವಾನ್ಸ್ ಕೊಡೋ ಮುಂಚೆ ಹಿಂದಿನ ಮನೆ ಬಾಗಿಲು ತಟ್ಟಿದೆವು. ಆ ಅಕ್ಕ ಒಳಗಿಂದ ಬಾಂಡ್ ಪೇಪರ್ ತಂದು ತೋರಿಸಿದರು. 3 ಲಕ್ಷಕ್ಕೆ ಭೋಗ್ಯ! ಮಗಳ ಕಾಲೇಜಿಗೆ ಅಂತ ಊರು ಬಿಟ್ಟು ಬಂದವರು. "ನಮ್ ದುಡ್ಡು ಯಾರು ಕೊಡ್ತೀರೋ ಕೊಡಿ, ನಾಳೇನೇ ಹೋಗ್ತೀವಿ" ಅಂದರು. ಅವರ ಪತ್ರ ನೋಂದಣಿ ಆಗಿರಲಿಲ್ಲ. ನೋಂದಣಿ ಆಗದ ಭೋಗ್ಯ ಇಸಿಯಲ್ಲಿ ಕಾಣೋದಿಲ್ಲ. ಮಳಿಗೆಯವರದ್ದು ಬೇರೆ ಕಥೆ, ಏಳು ತಿಂಗಳ ಬಾಡಿಗೆ ಬಾಕಿ.

ವಕೀಲರು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಸೆಕ್ಷನ್ ಬಿಡಿಸಿ ಹೇಳಿದರು. ಕೊಂಡವರು ಹಳೇ ಮಾಲೀಕರ ಜಾಗಕ್ಕೆ ಬರುತ್ತಾರೆ, ಆದರೆ ಕೊಳ್ಳೋಕೆ ಮುಂಚಿನ ಬಾಡಿಗೆ ಬಾಕಿ ತಾನಾಗಿ ಅವರಿಗೆ ಸೇರೋದಿಲ್ಲ. ಮನೆ ಮಾರಾಟವಾಗಿದ್ದು ಗೊತ್ತಿಲ್ಲದೆ ಬಾಡಿಗೆದಾರರು ಹಳೇ ಮಾಲೀಕರಿಗೇ ಬಾಡಿಗೆ ಕೊಟ್ಟರೆ, ಅದನ್ನ ಮತ್ತೆ ಕೇಳೋ ಹಾಗೂ ಇಲ್ಲ. ಅದಕ್ಕೇ ನೋಂದಣಿ ಆದ ತಕ್ಷಣ ಬರಹದಲ್ಲಿ ತಿಳಿಸಬೇಕು.

ನಾವು ಒಂದು ಷರತ್ತು ಹಾಕಿದೆವು: ಭೋಗ್ಯದ 3 ಲಕ್ಷ ಮನೆ ಬೆಲೆಯಲ್ಲೇ ಮುರಿದುಕೊಂಡು, ಡಿಡಿ ಆ ಅಕ್ಕನ ಹೆಸರಿಗೇ. ಮಾರುವವರು ಗೊಣಗಿಕೊಂಡು ಒಪ್ಪಿದರು. ಆ ಸಂಸಾರ ಮಗಳ ಪರೀಕ್ಷೆ ಮುಗಿಸಿಕೊಂಡು ಹೋಯಿತು.

ಮಳಿಗೆಯವರು ಹೋಗಲಿಲ್ಲ. ನೆಂಟರು, "ರಾತ್ರಿ ಬೀಗ ಜಡೀರಿ, ಕರೆಂಟ್ ತೆಗೀರಿ" ಅಂದರು. ನಾವು ಒಪ್ಪಲಿಲ್ಲ. ಕಾನೂನು ಬಿಟ್ಟು ಹೊರಗೆ ಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಅವರು 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಅದೂ ಅಲ್ಲದೆ, ಆ ಮಳಿಗೆಯೇ ಅವರ ಅನ್ನ. ಬರಹದ ಕರಾರಿಲ್ಲದ ತಿಂಗಳ ಬಾಡಿಗೆ ಆದ್ದರಿಂದ 15 ದಿನದ ನೋಟಿಸ್ ಕೊಟ್ಟೆವು, ಆಮೇಲೆ ಕೋರ್ಟಿಗೆ ಹೋದೆವು. ಕೇಸು ಇನ್ನೂ ನಡೀತಿದೆ. ಈಗ ತಿಂಗಳ ಬಾಡಿಗೆ ಮಾತ್ರ ತಪ್ಪದೆ ಬರ್ತಿದೆ.

ನೀವೂ ಇಂಥ ಮನೆ ನೋಡ್ತಿದ್ದರೆ, ಮಾರುವವರು ಇಲ್ಲದಾಗ ಒಂದು ಸಲ ಹೋಗಿ ಇರೋರನ್ನೇ ಕೇಳಿ: ಬಾಡಿಗೆಯೋ ಭೋಗ್ಯವೋ, ಅಡ್ವಾನ್ಸ್ ಎಷ್ಟು, ಯಾರ ಕೈಗೆ ಕೊಟ್ಟಿರಿ, ಕಾಗದ ಇದೆಯಾ. ಆ ಅಡ್ವಾನ್ಸ್ ಯಾರು ವಾಪಸ್ ಕೊಡಬೇಕು ಅನ್ನೋದನ್ನ ಕ್ರಯಪತ್ರದಲ್ಲೇ ಬರೆಸಿ. ಭೋಗ್ಯಕ್ಕೆ ದುಡ್ಡು ಕೊಟ್ಟು ಕೂತವರು ನೀವಾದರೆ, ಪತ್ರ ನೋಂದಣಿ ಮಾಡಿಸಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂತ ಸುಮ್ಮನಿರಬೇಡಿ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವು ಸಿಗುತ್ತೆ. ಸಹಾಯವಾಣಿ ನಂಬರ್ 15100.