ಮೂರು ಕಿಡ್ನಿಯ ತಮ್ಮ

ರಾಮದುರ್ಗದಲ್ಲಿರುವ ನನ್ನ ತಮ್ಮನಿಗೆ ಮೂರು ಕಿಡ್ನಿ. ನಗಬೇಡಿ ಮಕ್ಕಳೇ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ಲೆಕ್ಕ ಇದು. ಎರಡು ಹುಟ್ಟಿನಿಂದ ಬಂದವು. ಅವು ಕೆಲಸ ನಿಲ್ಲಿಸಿ ವರ್ಷಗಳಾದವು. ಮೂರನೆಯದು ಸವದತ್ತಿಗೆ ಕೊಟ್ಟ ನಮ್ಮ ತಂಗಿಯದು. ಕಿಡ್ನಿ ಕಸಿ ಮಾಡುವಾಗ ಸಾಮಾನ್ಯವಾಗಿ ಹಳೆಯವನ್ನು ತೆಗೆಯುವುದಿಲ್ಲ. ಹೊಸದನ್ನು ಕಿಬ್ಬೊಟ್ಟೆಯ ಒಂದು ಬದಿಗೆ ಕೂಡಿಸುತ್ತಾರೆ.

ಇಂಥ ಕಸಿ ಮೊದಲ ಸಲ ಯಶಸ್ವಿಯಾದದ್ದು 1954ರ ಡಿಸೆಂಬರ್ 23ರಂದು, ಅಮೆರಿಕದ ಬಾಸ್ಟನ್ನಿನಲ್ಲಿ. ಅಲ್ಲಿಯೂ ಕೊಟ್ಟವನು ಒಡಹುಟ್ಟಿದವನೇ, ಅವಳಿ ಸೋದರ. ಅದನ್ನು ಮಾಡಿದ ಡಾ. ಜೋಸೆಫ್ ಮರ್ರೆ ಅವರಿಗೆ 1990ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಇದು ಯಶಸ್ವಿಯಾಯಿತು.

ಕಸಿಯಾದ ಮೇಲೆ ತಮ್ಮ ಗೆಲುವಾದ. ಆದರೆ ಹೋದ ವರ್ಷ ಎಕೋ ಪರೀಕ್ಷೆಯಲ್ಲಿ ಅವನ ಹೃದಯದ ಒಂದು ಕವಾಟದ ಮೇಲೆ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕುಳಿತದ್ದು ಕಂಡಿತು. ಸುದ್ದಿ ಬೈಲಹೊಂಗಲಕ್ಕೆ ಬಂದ ದಿನವೇ ನನ್ನ ಮೊಮ್ಮಗಳು ಹಾಲಿನ ಲೋಟ ದೂಡಿದಳು. “ಅಜ್ಜಾ, ಹಾಲಿನಾಗ ಕ್ಯಾಲ್ಸಿಯಂ ಇರತೈತಿ ಅಂತ ಟೀಚರ್ ಹೇಳ್ಯಾರ. ನನ್ನ ಎದ್ಯಾಗೂ ಸುಣ್ಣ ಆಗತೈತಿ!”

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹೃದಯಕ್ಕೆ ನಾಲ್ಕು ಕವಾಟ. ನವಿಲುತೀರ್ಥದ ಅಣೆಕಟ್ಟಿನ ಗೇಟು ಮಳೆಗಾಲಕ್ಕೆ ಕೆಲವು ಸಲ ಏಳಬಹುದು. ಈ ಕವಾಟಗಳು ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತವೆ. ಅವು ತೆಳ್ಳಗೆ, ಮೆತ್ತಗೆ ಇರಬೇಕು. ಬಿರುಸಾದರೆ ರಕ್ತ ಹೊರಬೀಳಲು ಹೃದಯ ಏದುಸಿರು ಬಿಡಬೇಕಾಗುತ್ತದೆ.

ಕಿಡ್ನಿಯ ಕೆಲಸ ಬರೀ ರಕ್ತ ಸೋಸಿ ಮೂತ್ರ ಮಾಡುವುದಲ್ಲ. ಕ್ಯಾಲ್ಸಿಯಂ, ರಂಜಕಗಳ ಜಮಾ-ಖರ್ಚು ಸರಿದೂಗಿಸುವುದೂ ಅದೇ. ಹೆಚ್ಚಾದ ರಂಜಕವನ್ನು ಹೊರಗೆ ಹಾಕುತ್ತದೆ, ಡಿ ವಿಟಮಿನ್ನಿಗೆ ಜೀವ ಕೊಡುತ್ತದೆ. ಕಿಡ್ನಿ ಸೋತರೆ ರಂಜಕ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಆಗ ಕುತ್ತಿಗೆಯಲ್ಲಿರುವ ಅಕ್ಕಿಕಾಳಿನಷ್ಟು ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಗಾಬರಿಯಾಗಿ ಎಲುಬಿನ ಠೇವಣಿ ಒಡೆದು ಕ್ಯಾಲ್ಸಿಯಂ ತೆಗೆಯುತ್ತವೆ. ಎಲುಬು ಬಡವಾಗುತ್ತದೆ, ರಕ್ತನಾಳ, ಕವಾಟಗಳಲ್ಲಿ ಸುಣ್ಣ ಸೇರುತ್ತದೆ. ಸವಳು ನೀರಿನ ಹಂಡೆಯಲ್ಲಿ ಬಿಳಿ ಪೊರೆ ಕಟ್ಟುವ ಹಾಗೆ ಎನ್ನಬಹುದು. ಆದರೆ ಹಂಡೆಗೆ ಜೀವವಿಲ್ಲ. ಇಲ್ಲಿ ಕವಾಟದ ಜೀವಕೋಶಗಳೇ ಎಲುಬಿನ ಜೀವಕೋಶಗಳ ಹಾಗೆ ವರ್ತಿಸತೊಡಗುತ್ತವೆ.

ಹೊಸ ಕಿಡ್ನಿ ಬಂದರೂ ಹಳೆಯ ಬಾಕಿ ತಕ್ಷಣ ತೀರುವುದಿಲ್ಲ. ಬೆಳೆದ ಗ್ರಂಥಿಗಳು ಕೆಲವರಲ್ಲಿ ವರ್ಷಗಟ್ಟಲೆ ಹಟ ಬಿಡುವುದಿಲ್ಲ. ಕುಳಿತ ಸುಣ್ಣ ಕರಗಿಸುವ ಗುಳಿಗೆಯೂ ಇಲ್ಲ; ತೀರಾ ಬಿರುಸಾದರೆ ಕವಾಟ ಬದಲಿಸಬೇಕಾಗುತ್ತದೆ. ಅದಕ್ಕೇ ಕ್ರಿಯಾಟಿನಿನ್, ಕ್ಯಾಲ್ಸಿಯಂ, ರಂಜಕ, ಪ್ಯಾರಾಥೈರಾಯ್ಡ್ ಹಾರ್ಮೋನು, ಡಿ ವಿಟಮಿನ್ ಇವನ್ನು ರಕ್ತದಲ್ಲಿ ಆಗಾಗ ನೋಡುತ್ತಾರೆ. ಹೀಗಾಗಿ ತಪ್ಪು ಹಾಲಿನದಲ್ಲ. ಮೊಮ್ಮಗಳು ಲೋಟ ಹತ್ತಿರ ಎಳೆದುಕೊಂಡಳು. ಕಿಡ್ನಿ ರೋಗಿಗಳು ಮಾತ್ರ ಊಟ, ಗುಳಿಗೆ ಎರಡನ್ನೂ ಡಾಕ್ಟರ ಮಾತಿನಂತೆಯೇ ನಡೆಸಬೇಕು.

ಆದರೆ ನಮ್ಮ ತಮ್ಮ ಹಟ ಹಿಡಿದ. “ಆರಾಮ ಅದೀನಿ. ಮತ್ತ ಮತ್ತ ರಕ್ತ ಯಾಕ ಕೊಡ್ಲಿ?” ನಾನು ಬುದ್ಧಿ ಹೇಳಿದೆ, ಕೇಳಲಿಲ್ಲ. ಕಡೆಗೆ ಸವದತ್ತಿಯಿಂದ ತಂಗಿ ಬಂದಳು. ಬೈಯಲಿಲ್ಲ. “ಅಣ್ಣಾ, ನಾ ಕೊಟ್ಟಾಗ ಬಡ್ಡಿ ಕೇಳಿಲ್ಲ. ಜ್ವಾಕಿ ಮಾಡು, ಅಷ್ಟ ಸಾಕು,” ಅಂದಳು. ಅವನು ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದ.

ಈಗ ಅವನ ವರದಿಗಳಿಗೆ ನಾನೊಂದು ಖಾತೆ ಪುಸ್ತಕ ಇಟ್ಟಿದ್ದೇನೆ. ತಾರೀಖು ಒಂದು ಕಡೆ, ಅಂಕಿಗಳು ಸಾಲಾಗಿ. ಒಂದು ದಿನದ ಅಂಕಿ ಹೆಚ್ಚು ಹೇಳುವುದಿಲ್ಲ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಡಾಕ್ಟರಿಗೆ ಬೇಕು. ಸಕ್ಕರೆ, ಬಿಪಿ ಇರುವ ನನ್ನ ಓರಗೆಯವರೇ, ನೀವೂ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ನೋಡಿಸಿಕೊಳ್ಳಿ. ಪುಸ್ತಕ ಬರೆಯಲು ಮೊಮ್ಮಕ್ಕಳಿದ್ದಾರೆ.